ಮಾನವಮಿಯ ನೀರು

ಇಂಡಿ
ತಾ. 12 ಫೆಬ್ರುವರಿ 1963

ಜಯತೀರ್ಥರಾಯರಿಗೆ ಇಬ್ರಾಹಿಂಸಾಬ ಫಿಟರನ ಸಲಾಮುಗಳು.

ನಾವು ಇಲ್ಲಿ ಕ್ಷೇಮ. ನೀವೂ ಸಾವಿತ್ರೀಬಾಯಿ ವೈನಿಯವರೂ ಸೊಲ್ಲಾಪುರದಲ್ಲಿ ಸುಖವಾಗಿದ್ದೀರೆಂದು ಓದಿ ಸಮಾಧಾನವಾಯಿತು. ನಿಮ್ಮ ಪತ್ರ ಬಂದು ಇಪ್ಪತ್ತು ದಿನವಾಯಿತು, ತಡವಾದದ್ದಕ್ಕೆ ಕ್ಷಮೆ ಇರಲಿ. ಕೆಲಸದ ಗಡಿಬಿಡಿ ಎಂದು ಬರೆಯೋಣವೆಂದರೆ ಕೆಲಸವೇ ಇಲ್ಲ. ಮೂರು ಸಲ ಬರೆದು ಹರಿದು ಹಾಕಿದೆ. ಮೊದಲೇ ನನ್ನ ಅಕ್ಷರವನ್ನು ಕೋಳಿ ಕೆದರಿದ ತಿಪ್ಪೆ ಎನ್ನುತ್ತಿದ್ದಿರಿ, ಸಿಟ್ಟಿನಲ್ಲಿ ಅದು ಇನ್ನೂ ಕೆಡುತ್ತದೆ.

ಮೊದಲು ಸುದ್ದಿ. ಈ ಸಲ ಜೋಳ ಚೆನ್ನಾಗಿ ಬಂದಿದೆ. ನನ್ನ ಮನೆಯಾಕೆ ಜೋಹರಾಬಿಯ ಮೊಣಕಾಲು ನೋವು ಹಾಗೇ ಇದೆ. ಕಾರ್ಖಾನೆಯ ಬಾಗಿಲು ಹಾಕಿ ನಾಲ್ಕು ತಿಂಗಳಾಯಿತು. ಸಿಂದಗಿ, ಬಾಗೇವಾಡಿಯ ಸೋಡಾ ಅಂಗಡಿಯವರು ಈಗ ಗ್ಯಾಸಿಗಾಗಿ ಹುಬ್ಬಳ್ಳಿಯ ದಾರಿ ಹಿಡಿದಿದ್ದಾರೆ. ನಮ್ಮ ಇಪ್ಪತ್ತೆರಡು ಜನರಲ್ಲಿ ಕೆಲವರು ಕಲ್ಲು ಒಡೆಯಲು ಹೋಗುತ್ತಾರೆ, ಕೆಲವರು ಚಹಾದಂಗಡಿಯಲ್ಲಿ ಕೂರುತ್ತಾರೆ. ನಾನು ಒಳಗೆ ಹೋದರೆ ಅವರು ಎದ್ದು ಹೊರಗೆ ಬರುತ್ತಾರೆ. ಈಗ ನಾನು ಚಹಾ ಕುಡಿಯುವುದನ್ನೇ ಬಿಟ್ಟಿದ್ದೇನೆ.

ನೀವು ಬರೆದಿದ್ದೀರಿ: 'ಆದದ್ದು ಆಗಿಹೋಯಿತು. ನನ್ನ ಮಾತಿಗೆ ಇಲ್ಲಿಯ ಮಿಲ್ಲಿನಲ್ಲಿ ನಿನ್ನನ್ನು ತೆಗೆದುಕೊಳ್ಳುತ್ತಾರೆ. ಇನ್ನು ಮೇಲಾದರೂ ಜಾಗ್ರತೆಯಿಂದ ಕೆಲಸ ಮಾಡು.' ನನಗೆ ಜಾಗ್ರತೆ ಕಲಿಸಿದವರೇ ನೀವು. ಆದ್ದರಿಂದ ಆ ದಿನ ಏನಾಯಿತೆಂದು ನೀವು ಕೇಳದಿದ್ದರೂ ಹೇಳುತ್ತೇನೆ.

ಸುಣ್ಣದ ಭಟ್ಟಿಯಿಂದ ಸುಮ್ಮನೆ ಆಕಾಶಕ್ಕೆ ಹೋಗುವ ಗ್ಯಾಸನ್ನು ಹಿಡಿದು, ತೊಳೆದು, ಒಣಗಿಸಿ, ಸಿಲಿಂಡರಿಗೆ ಒತ್ತಿ ತುಂಬುವ ಆ ಯಂತ್ರವನ್ನು ನಾವಿಬ್ಬರೇ ಕೂಡಿಸಿದ್ದು. ಅದು ನಡೆಯುವಾಗ ಭಯವಿಲ್ಲ, ಭಯವಿರುವುದು ನಿಲ್ಲಿಸುವಾಗ ಮತ್ತು ಚಾಲೂ ಮಾಡುವಾಗ ಎಂದು ಮೊದಲ ದಿನವೇ ಹೇಳಿದ್ದಿರಿ. ನಿಂತ ಕೊಳವೆ ತಣ್ಣಗಾದರೆ ಒಳಗಿನ ಗಾಳಿಯ ಹಸಿ ನೀರಾಗಿ ಇಳಿಯುತ್ತದೆ, ಆ ನೀರಿಗೆ ಗ್ಯಾಸು ಸೇರಿದರೆ ಹುಳಿಯಾಗಿ ಕಬ್ಬಿಣ ತಿನ್ನುತ್ತದೆ. ಆದ್ದರಿಂದ ನಿಲ್ಲಿಸುವ ಮೊದಲು ಎರಡು ತಾಸು ಬಿಸಿ ಒಣಗಾಳಿ ಊದಿಸಿ ಎಲ್ಲ ಬಾಯಿ ಬಿಗಿಯಾಗಿ ಮುಚ್ಚಬೇಕು. ಚಾಲೂ ಮಾಡುವಾಗ ಮತ್ತೆ ಊದಿಸಿ, ಹೊರಗೆ ಬರುವ ಗಾಳಿಗೆ ಕನ್ನಡಿ ಹಿಡಿಯಬೇಕು. ಕನ್ನಡಿ ಮಬ್ಬಾದರೆ ಗ್ಯಾಸು ಬಿಡಕೂಡದು. ಏಳು ವರ್ಷ ನನ್ನ ಕ್ಷೌರದ ಕನ್ನಡಿ ನನ್ನ ಗಡ್ಡಕ್ಕಿಂತ ಹೆಚ್ಚು ಆ ಕೊಳವೆಯ ಬಾಯಿಯನ್ನೇ ನೋಡಿದೆ.

ಮಾನವಮಿಯ ಖಂಡೇಪೂಜೆಗೆ ಲಾರಿ, ಗಿರಣಿ, ಹತಾರ ಎಲ್ಲವನ್ನೂ ತೊಳೆದು ಪೂಜಿಸುತ್ತಾರೆ. ನೀವಿದ್ದಾಗ ನಮ್ಮ ಯಂತ್ರಕ್ಕೆ ಮಾತ್ರ ಒಣ ಬಟ್ಟೆ, ಒಂದು ಬೊಟ್ಟು ಕುಂಕುಮ, ಒಂದು ಚೆಂಡುಹೂವಿನ ಸರ. ಕಾಯಿಯನ್ನು ಹೊರಗೆ ಅಂಗಳದಲ್ಲಿ ಒಡೆಸುತ್ತಿದ್ದಿರಿ. ಜನಿವಾರದವರು ಹೇಳಿದ ಮೇಲೆ ಯಾರು ಎದುರಾಡುತ್ತಾರೆ? ಅದೇ ಮಾತು ನನ್ನ ಬಾಯಲ್ಲಿ ಬಂದರೆ ಏನಾಗುತ್ತದೆಂದು ನೀವು ಸೊಲ್ಲಾಪುರಕ್ಕೆ ಹೋದ ಮೇಲೆ ತಿಳಿಯಿತು.

ನಿಮ್ಮ ಜಾಗಕ್ಕೆ ಬಂದ ಮ್ಯಾನೇಜರ್ ಚಂದ್ರಾಮ ಮಾಲಕರ ಅಳಿಯ. ಹೋದ ಮಾನವಮಿಯಲ್ಲಿ ನಾನು ನಿಯಮದಂತೆ ಊದಿಸಿ, ಎಲ್ಲ ಮುಚ್ಚಿ, ಕೈ ತೊಳೆದು ಬರುವಷ್ಟರಲ್ಲಿ ಆತ ಒಣಗಿಸುವ ಟಾಕಿಯ ಬಾಗಿಲು ತೆಗೆಸಿದ್ದ. ಹೊರಗಷ್ಟೇ ತೊಳೆದರೆ ಸಾಲದು, ಒಳಗೂ ಶುದ್ಧವಾಗಬೇಕಂತೆ. ನಾಲ್ಕು ಜನ ಕೊಡಗಳಲ್ಲಿ ನೀರು ಹೊತ್ತು ನಿಂತಿದ್ದರು. ನಾನು ಓಡಿಹೋಗಿ, ಒಳಗೆ ನೀರು ಹೀರುವ ಉಪ್ಪು ಇದೆ, ಕರಗಿ ಹೋಗುತ್ತದೆ, ನೀರು ಹಾಕಬೇಡಿ ಎಂದೆ.

"ಇವತ್ತೊಂದಿನ ಸುಮ್ನ ನಿಲ್ರಿ ಸಾಬರ," ಎಂದ ಚಂದ್ರಾಮ. "ಹಬ್ಬ ನಮ್ಮದೈತಿ."

ಜನ ನಕ್ಕರು. ಕೆಟ್ಟ ನಗುವಲ್ಲ, ಮ್ಯಾನೇಜರ್ ಸಾಹೇಬ ನಕ್ಕನೆಂದು ನಕ್ಕರು. ಏಳು ಮಾನವಮಿಗೆ ಸಂತೆಯಿಂದ ಕಾಯಿ ಆರಿಸಿ ತಂದವನು ನಾನು, ರಾಯರೇ. ಆ ದಿನ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಇನ್ನೊಂದು ಸಲ ಹೇಳಬೇಕಾಗಿತ್ತು, ಹೇಳಲಿಲ್ಲ. ಅವಮಾನವಾದವನ ನಾಲಿಗೆ ಬೇಗ ಏಳುವುದಿಲ್ಲ.

ಮೂರನೆಯ ದಿನ ಸಿಲಿಂಡರ್ ಒಯ್ಯಲು ಮುದ್ದೇಬಿಹಾಳದ ಲಾರಿ ಬಂದು ಬಾಗಿಲಲ್ಲಿ ನಿಂತಿತು. ಟಾಕಿಯಲ್ಲಿ ಉಪ್ಪು ಅಂಬಲಿಯಾಗಿತ್ತು. ಹೊಸ ಉಪ್ಪು ತರಿಸಿ, ಎರಡು ದಿನ ಒಣಗಿಸಲು ಬಿಡಿ ಎಂದು ಬೇಡಿಕೊಂಡೆ. ಚಂದ್ರಾಮ ಒಂದು ತಾಸು ಕೊಟ್ಟ. ಊದಿಸಿ ಕನ್ನಡಿ ಹಿಡಿದೆ, ಪೂರಾ ಮಬ್ಬು. ಅವನ ಮುಂದೆ ಹಿಡಿದು ತೋರಿಸಿದೆ. ಆತ ಅದನ್ನು ಇಸಿದುಕೊಂಡು ಧೋತರದ ಚುಂಗಿನಿಂದ ಒರೆಸಿ, ಈಗ ನೋಡು, ಸ್ವಚ್ಛ ಇದೆ ಎಂದ. ಆಮೇಲೆ ನಗು ಬಿಟ್ಟು, "ನಿಮಗ ಆಗೂದಿಲ್ಲಂದ್ರ ಹೇಳ್ರಿ, ಆಗಾವರನ್ನ ತರ್ತೇನಿ" ಎಂದ.

ನಾನು ವಾಲ್ವ್ ತಿರುಗಿಸಿದೆ. ತಿರುಗಿಸಿದ ಕೈ ನನ್ನದೇ, ಅದನ್ನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ.

ಮರುದಿನ ಉಪ್ಪಿನ ನೀರು ಗ್ಯಾಸು ಒತ್ತುವ ಕಂಪ್ರೆಸರಿನೊಳಗೆ ಹೋಗಿ ಅದರ ತಲೆ ಸೀಳಿತು. ಸಪ್ಪಳ ಸ್ಟೇಶನ್ನಿನವರೆಗೆ ಕೇಳಿಸಿತಂತೆ. ಯಾರಿಗೂ ಪೆಟ್ಟಾಗಲಿಲ್ಲ, ಅಲ್ಲಾನ ದಯೆ.

ಮಾಲಕರು ವಿಚಾರಣೆಗೆ ಕೂತರು. ಯಂತ್ರವನ್ನು ಎಂದಿನಂತೆ ಒಣ ಬಟ್ಟೆಯಿಂದ ಒರೆಸಿದ್ದೇವೆ, ಫಿಟರ್ ಒಣಗಿಸದೆ ಚಾಲೂ ಮಾಡಿದ ಎಂದು ಚಂದ್ರಾಮ ಹೇಳಿದ. ಕೊಡ ಹೊತ್ತ ನಾಲ್ವರೂ ಹೌದೆಂದು ಗೋಣು ಹಾಕಿದರು. ಹೆಂಡರು ಮಕ್ಕಳಿದ್ದವರು, ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಆಮೇಲೆ, ಯಂತ್ರ ಕಟ್ಟಿದವರ ಅಭಿಪ್ರಾಯವೆಂದು ನಿಮ್ಮ ಪತ್ರ ಓದಿದರು. 'ನಿಯಮದಂತೆ ಒಣಗಿಸಿದ್ದರೆ ಇಂಥ ಹಾನಿ ಆಗುವುದಿಲ್ಲ. ಇದು ಫಿಟರನ ಅಲಕ್ಷ್ಯ.'

ಮೊದಲನೆಯ ಮಾತು ಖರೆ. ಎರಡನೆಯದು ನಿಮಗೆ ಹೇಗೆ ಗೊತ್ತಾಯಿತು? ಇಂಡಿಯಿಂದ ಸೊಲ್ಲಾಪುರ ಸಮುದ್ರದಾಚೆ ಇಲ್ಲ. ಒಂದು ಕಾರ್ಡು ಎರಡು ದಿನದಲ್ಲಿ ಮುಟ್ಟುತ್ತದೆ. 'ಇಬ್ರಾಹಿಂ, ಏನಾಯಿತು?' ಎಂದು ಅದರ ಮೇಲೆ ಬರೆಯಲು ಎಷ್ಟು ಮಸಿ ಬೇಕಾಗುತ್ತಿತ್ತು? ಮಾಲಕರು ಕೇಳಿದ ದಿನವೇ ನೀವು ಉತ್ತರ ಬರೆದಿದ್ದೀರಿ, ತಾರೀಖು ನೋಡಿದೆ. ನಿಮಗೆ ನನ್ನ ಮೇಲೆ ದ್ವೇಷವಿಲ್ಲ, ಅದು ನನಗೆ ಗೊತ್ತು. ದ್ವೇಷವಿದ್ದಿದ್ದರೆ ನಾಲ್ಕು ದಿನವಾದರೂ ನನ್ನ ವಿಚಾರ ಮಾಡುತ್ತಿದ್ದಿರಿ.

ಮಿಲ್ಲಿನ ಕೆಲಸ ನನಗೆ ಬೇಡ. ಅಲಕ್ಷ್ಯ ಮಾಡಿದವನೆಂದು ತಿಳಿದೂ ದಯೆಯಿಂದ ತಂದಿದ್ದೀರೆಂದು ಅಲ್ಲಿಯ ಜನ ನಿಮ್ಮನ್ನು ಹೊಗಳುತ್ತಾರೆ. ಅದನ್ನು ಕೇಳುತ್ತ ಸ್ಪ್ಯಾನರ್ ಹಿಡಿಯಲು ನನಗಾಗದು. ಇಲ್ಲಿ ಸೈಕಲ್ ರಿಪೇರಿ, ಪಂಪಿನ ರಿಪೇರಿ ಮಾಡಿಕೊಂಡಿರುತ್ತೇನೆ.

ನಿಮ್ಮ ಮಗಳು ತುಳಸಿಗೆ ಗಂಡು ಗೊತ್ತಾಗಿದೆ ಎಂದು ಬರೆದಿದ್ದೀರಿ. ಓದಿ ಮನಸ್ಸು ತುಂಬಿತು, ನನ್ನ ಹೆಗಲ ಮೇಲೆ ಕೂತು ಭಟ್ಟಿ ನೋಡಿದ ಹುಡುಗಿ. ಅವಳ ಬಾಳು ತಂಪಾಗಿರಲಿ, ಕೊಟ್ಟ ಮನೆ ಅವಳನ್ನು ನಂಬುವಂಥದ್ದಾಗಲಿ. ವೈನಿಯವರಿಗೆ ನಮ್ಮ ಸಲಾಮು ತಿಳಿಸಿರಿ.

ನಿಮ್ಮ
ಇಬ್ರಾಹಿಂಸಾಬ

ತಾ.ಕ.: ಕೆಲಸ ಹೋದ ಮೇಲೆ ಊರು ಏನಂದರೂ ಜೋಹರಾಬಿ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಬಾವಿಗೆ ಹೋದಾಗಲೆಲ್ಲ, ನಮ್ಮವರು ಹಂಗ ಮಾಡಾವರಲ್ಲ ಎಂದು ಹೆಂಗಸರೊಂದಿಗೆ ಜಗಳವಾಡಿ ಬರುತ್ತಿದ್ದಳು. ಆಕೆಗೆ ಓದು ಬಾರದು. ನಿಮ್ಮ ಪತ್ರ ಬಂದಾಗ, ಕೆಲಸದ ಸುದ್ದಿ ಕೇಳಿ ಹಿಗ್ಗಲಿ ಎಂದು ನಾನೇ ಗಟ್ಟಿಯಾಗಿ, ಆ ಜಾಗ್ರತೆಯ ಮಾತನ್ನೂ ಬಿಡದೆ, ಎಲ್ಲ ಓದಿದೆ. ಆಕೆ ಹಿಗ್ಗಲಿಲ್ಲ. ಒಲೆಗೆ ಕಟ್ಟಿಗೆ ಒಟ್ಟುತ್ತ ಕೇಳಿದಳು: "ರಾಯರು ಸುಳ್ಳ ಬರಿಯಾವರಲ್ಲ. ಖರೇ ಹೇಳ್ರಿ, ಅವತ್ತ ನೀವು ಮರತಿದ್ರ್ಯಾ?" ಇಲ್ಲ ಎಂದೆ. ಹೂಂ ಎಂದು ರೊಟ್ಟಿ ಬಡಿಯತೊಡಗಿದಳು. ಅಂದಿನಿಂದ ಆಕೆ ಬಾವಿಯಲ್ಲಿ ಯಾರ ಜೊತೆಗೂ ಜಗಳವಾಡಿ ಬಂದಿಲ್ಲ.