ಭಾವನ ಮೂರು ಗ್ಲಾಸು

ಪ್ಲೇನ್‌ಫೀಲ್ಡ್, ಇಲಿನಾಯ್
೬ ಡಿಸೆಂಬರ್ ೨೦೨೫, ಶನಿವಾರ

ಪದ್ಮಕ್ಕಾ,

ಇನ್ನು ಮೇಲೆ ಫೋನ್ ಮಾಡಬೇಡ ಎಂದು ನೀನು ಬರೆದಿದ್ದೆ. ಮಾಡುವುದಿಲ್ಲ. ಕಾಗದ ಬರೆಯಬೇಡ ಎನ್ನಲು ಮರೆತಿದ್ದೀಯ, ಅದಕ್ಕೇ ಇದು. ನಿನ್ನ ಲ್ಯಾಬಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಮನೆಯ ಪೋಸ್ಟ್ ಡಬ್ಬಿಯ ಬೀಗದ ಕೈ ಯಾರ ಹತ್ತಿರ ಇರುತ್ತದೆಂದು ನನಗೆ ಗೊತ್ತು.

‘ನನ್ನ ಸಂಸಾರವನ್ನು ಬೀದಿಗೆ ತಂದೆ’ ಎಂದಿದ್ದೆ ನೀನು ಮೆಸೇಜಿನಲ್ಲಿ. ಕ್ಷಮೆ ಕೇಳೋಣವೆಂದು ಎರಡು ಸಲ ಬರೆಯಲು ಕೂತೆ. ಎರಡನ್ನೂ ಹರಿದು ಹಾಕಿದೆ, ಓದಿದರೆ ಸುಳ್ಳು ಸುಳ್ಳಾಗಿತ್ತು. ಇದು ಮೂರನೆಯದು. ಇದರಲ್ಲಿ ಕ್ಷಮೆ ಒಂದೇ ಒಂದು ಕಡೆ ಬರುತ್ತದೆ. ಉಳಿದದ್ದೆಲ್ಲ ನಾನು ಬೇಕೆಂದೇ ಮಾಡಿದ್ದು.

ಎರಡು ವರ್ಷದ ಹಿಂದೆ ಪ್ಲಿಮತ್‌ನಲ್ಲಿ ನಿಮ್ಮ ಮನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಅದರ ಒಂದೊಂದು ನಿಮಿಷವೂ ನೆನಪಿದೆ. ಅಪ್ಪ ಮೊದಲ ಸಲ ಅಮೆರಿಕ ನೋಡಲು ಬಂದಿದ್ದ. ಭಾವನ ಆಫೀಸಿನವರು, ಅವರ ಹೆಂಡಂದಿರು, ಹತ್ತು ಹನ್ನೆರಡು ಜನ ಸೇರಿದ್ದರು. ಯಾರೋ ಅಪ್ಪನನ್ನು ಊರಲ್ಲಿ ಏನು ಮಾಡಿಕೊಂಡಿದ್ದಿರಿ ಎಂದು ಕೇಳಿದರು. ಭಾವ ಆಗಲೇ ನಾಲ್ಕನೆಯ ಪೆಗ್ಗಿನಲ್ಲಿದ್ದರು. ಅಪ್ಪ ಬಾಯಿ ತೆರೆಯುವ ಮೊದಲೇ, “ನಮ್ಮ ಮಾವ ದಾವಣಗೆರೆ ಸೋಡಾ ಕಿಂಗ್ ಕಣ್ರೀ! ಇವರ ಗೋಲಿ ಸೋಡಾ ಬೆರೆಸ್ಕೊಂಡು ಕುಡೀತಾ ಕುಡೀತಾ ಮಗಳನ್ನೂ ಕಟ್ಕೊಂಡೆ” ಎಂದು ನಕ್ಕರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಭಾವ ಸೋಡಾ ಬಾಟಲಿಯನ್ನು ಅಪ್ಪನ ಕೈಗೆ ಕೊಟ್ಟು, “ಎಲ್ಲರ ಗ್ಲಾಸಿಗೂ ಹಾಕ್ಕೊಂಡು ಬನ್ನಿ ಮಾವ, ಹಳೇ ಕಸುಬು ಕೈಬಿಟ್ಟು ಹೋಗಿಲ್ಲ ತಾನೇ?” ಎಂದರು.

ಎಪ್ಪತ್ತಾರು ವರ್ಷದ ನಮ್ಮಪ್ಪ ದಾನಪ್ಪ ಎದ್ದು, ಸೋಫಾದಿಂದ ಸೋಫಾಕ್ಕೆ ಹೋಗಿ, ಬಗ್ಗಿ ಬಗ್ಗಿ ಸೋಡಾ ಸುರಿದ. ನಾನು ಬಾಟಲಿ ಕಿತ್ತುಕೊಳ್ಳಲು ಹೊರಟಾಗ ನೀನು ನನ್ನ ಮೊಣಕೈ ಹಿಡಿದೆ. “ಕುಡಿದಿದಾರೆ ಕಣೇ, ಸುಮ್ನಿರು. ಬೆಳಿಗ್ಗೆ ಅವರಿಗೆ ನೆನಪೂ ಇರಲ್ಲ” ಎಂದೆ.

ಮರುದಿನ ಅಪ್ಪನನ್ನು ನಮ್ಮ ಮನೆಗೆ ಕರೆದುಕೊಂಡು ಹೊರಟೆವಲ್ಲ, ದಾರಿಯಲ್ಲಿ ಕಲಮಜೂ ಊರು ದಾಟಿ ಕಾರು ನಿಲ್ಲಿಸಿದೆವು. ರೆಸ್ಟ್ ಏರಿಯಾದಲ್ಲಿ ಕಾಫಿ ಹಿಡಿದು ಕೂತಿದ್ದವನು ಮೆಲ್ಲಗೆ ಕೇಳಿದ: “ಸೋಡಾ ಹಾಕೋವಾಗ ನನ್ನ ಕೈ ನಡುಗಿದ್ದು ಮಂದಿಗೆ ಕಾಣಿಸ್ತೇನವ್ವಾ?”

ಇಲ್ಲಪ್ಪ ಎಂದೆ. ಮರುವರ್ಷದ ಮೇ ತಿಂಗಳಲ್ಲಿ ಅಪ್ಪ ಹೋದ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೇರೆ ಎಂದು ಆವತ್ತೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಅಪ್ಪ ಹೋದ ವರ್ಷ ಹಬ್ಬ ಬೇಡವೆಂದು ನಾನೇ ತಪ್ಪಿಸಿದೆ. ಈ ವರ್ಷ ನಿಮ್ಮಿಬ್ಬರನ್ನೂ ಮಗಳು ಅಕ್ಷರಾಳನ್ನೂ ನಾನೇ ಕರೆದೆ. ನಿನಗೆ ಫೋನಿನಲ್ಲಿ ಏನು ಹೇಳಿದೆ ಜ್ಞಾಪಿಸಿಕೋ. ವೆಸ್ಟ್‌ಮಂಟ್‌ನಿಂದ ಷರೀಫ್ ಭಾಯಿ, ಬದ್ರುನ್ನೀಸಾ ಬರುತ್ತಾರೆ, ಅವರು ಕುಡಿಯುವವರಲ್ಲ, ಅದಕ್ಕೆ ಎಲ್ಲರಿಗೂ ಹಣ್ಣಿನ ಪಾನಕ, ಭಾವನಿಗೆ ಮಾತ್ರ ಬೇರೆ ಇಟ್ಟಿರುತ್ತೇನೆ ಎಂದಿದ್ದೆ. ನಿನ್ನ ದನಿಯಲ್ಲಿ ಎಷ್ಟು ಸಮಾಧಾನ! ಭಾವನಿಗೆ ಬೇರೆ ಇಟ್ಟಿದ್ದು ನಿಜ. ಅದರಲ್ಲಿಯೂ ಮದ್ಯವಿರಲಿಲ್ಲ ಅಷ್ಟೆ.

ಆಗಸ್ಟ್‌ನಿಂದಲೇ ಶುರುಮಾಡಿದ್ದೆ. ಈಗ ಇಲ್ಲಿ ಮದ್ಯವಿಲ್ಲದ ವಿಸ್ಕಿ ಎಂದೇ ಬಾಟಲಿಯಲ್ಲಿ ಸಿಗುತ್ತದೆ, ಬಣ್ಣ ವಾಸನೆ ಎಲ್ಲ ಹಾಗೆಯೇ. ಆದರೆ ಗಂಟಲಿಗೆ ನೀರು ಕುಡಿದಂತೆ ಸಪ್ಪೆ. ಅಪ್ಪ ಮದುವೆ ಮನೆಗಳಿಗೆ ಶುಂಠಿ ಸೋಡಾ ಮಾಡುವಾಗ ಹೇಳುತ್ತಿದ್ದುದು ನೆನಪಾಯಿತು: ‘ಗಂಟಲು ಬಿಸಿಯಾದರೆ ಸಾಕು, ತಲಿ ತಾನೇ ತಿರುಗತೈತಿ.’ ಒಣಶುಂಠಿ, ಕಾಳುಮೆಣಸು ಕುದಿಸಿ ಸೋಸಿದೆ. ಕಡು ಚಹಾದ ಒಗರು ಸೇರಿಸಿದೆ. ಒಂದೆರಡು ಹನಿ ವಿನೆಗರ್. ಪ್ರತಿ ಭಾನುವಾರ ಸ್ವಲ್ಪ ಸ್ವಲ್ಪ ಬದಲಾಯಿಸಿ ರುಚಿ ನೋಡಿದೆ. ಸ್ವರೂಪ್ ಹೆಂಡತಿಯ ಈ ಸಾಹಸ ನೋಡಿ, “ಬೇಡ ಸ್ಮಿತಾ, ಹೋದವರು ಹೋದರು, ಊಟಕ್ಕೆ ಕರೆದು ಹೀಗೆ ಮಾಡಬಾರದು” ಎಂದರು. ನಾನು ಕೇಳಲಿಲ್ಲ. ಇದೆಲ್ಲ ನನ್ನೊಬ್ಬಳದೇ ಕೆಲಸ, ಇನ್ನಾರನ್ನೂ ಇದಕ್ಕೆ ಎಳೆಯಬೇಡ.

ಉಳಿದವರ ಪಾನಕಗಳನ್ನೂ ಮನಸ್ಸಿಟ್ಟು ಮಾಡಿದೆ. ಕ್ರ್ಯಾನ್‌ಬೆರಿಗೆ ಶುಂಠಿ ಸೋಡಾ. ಸೇಬಿನ ರಸಕ್ಕೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಬಿಸಿ ಮಾಡಿದೆ. ದಾಳಿಂಬೆ ರಸದ ಗ್ಲಾಸುಗಳ ಅಂಚಿಗೆ ಉಪ್ಪು ಖಾರ ಸವರಿದೆ. ನಮ್ಮ ಮನೆಯಲ್ಲಿ ಟರ್ಕಿ ಬೇಯುವುದಿಲ್ಲವಲ್ಲ, ಎಣ್ಣೆಗಾಯಿ, ರೊಟ್ಟಿ, ಹೋಳಿಗೆಯ ನಡುವೆ ಆ ಕೆಂಪು ಗ್ಲಾಸುಗಳೇ ಹಬ್ಬದ ಕಳೆ. ಭಾವನದನ್ನು ಮಾತ್ರ ದಪ್ಪ ಗಾಜಿನ ಹೂಜಿಗೆ ಬಗ್ಗಿಸಿ ಬೇರೆ ಇಟ್ಟೆ.

ಮೊದಲ ಗುಟುಕಿಗೆ ಭಾವ ಕಣ್ಣು ಮುಚ್ಚಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ನಾಲಿಗೆ ಚಪ್ಪರಿಸಿ, “ಪರವಾಗಿಲ್ಲ ಸ್ಮಿತಾ, ಒಳ್ಳೇದನ್ನೇ ಇಟ್ಟಿದೀಯ. ಸ್ಮೂತ್ ಆಗಿದೆ” ಎಂದರು. ಎರಡನೆಯ ಗ್ಲಾಸಿಗೆ ದನಿ ಏರಿತು. ಮೂರನೆಯದಕ್ಕೆ ನಾಲಿಗೆ ತೊದಲಿತು. ನಾನು ದೇವರಾಣೆಗೂ ಹೇಳುತ್ತೇನೆ ಅಕ್ಕ, ಅದನ್ನು ನೋಡುತ್ತಾ ನನಗೆ ಒಳಗೊಳಗೇ ಹಬ್ಬವಾಯಿತು. ಶುಂಠಿ ಕಷಾಯ ಕುಡಿದು ತೂರಾಡುವ ಗಂಡಸನ್ನು ನಾನು ಹಿಂದೆ ಕಂಡಿರಲಿಲ್ಲ.

ಆಮೇಲೆ ಆದದ್ದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಬದ್ರುನ್ನೀಸಾ ಪಾಪ, ದಾಳಿಂಬೆ ಗ್ಲಾಸು ಎತ್ತಿ, “ಎಷ್ಟು ಚೆನ್ನಾಗಿದೆ ರೀ ಇದು, ಯಾರು ಕಲಿಸಿದ್ದು?” ಎಂದು ಕೇಳಿದರು. ನಮ್ಮ ಅಪ್ಪ ಎಂದೆ. ನಿನ್ನ ಕಣ್ಣು ತುಂಬಿತು. ಅದನ್ನು ಕಂಡು ಭಾವ ಮೇಜು ತಟ್ಟಿದರು.

“ಶುರುವಾಯ್ತು ನೋಡಿ ಷರೀಫ್! ಒಂದೂವರೆ ವರ್ಷದಿಂದ ಇದೇ ರಾಗ. ಸೋಡಾ ಬಾಟ್ಲಿ ಒಡೆದಿದ್ದಕ್ಕೆ ಯಾರಾದ್ರೂ ಇಷ್ಟು ದಿನ ಅಳ್ತಾರೇನ್ರೀ?” ಎಂದರು. ಯಾರೂ ನಗಲಿಲ್ಲ. ಭಾವ ನಿಲ್ಲಿಸಲೂ ಇಲ್ಲ. “ಅವತ್ತು ಐಸಿಯುನಿಂದ ಫೋನ್ ಬಂದಾಗ ಹೋಗ್ತೀನಿ ಹೋಗ್ತೀನಿ ಅಂತ ಸೂಟ್‌ಕೇಸ್ ತುಂಬ್ಕೊಂಡು ನಿಂತಿದ್ಲು. ನಾನೇ ಪಾಸ್‌ಪೋರ್ಟ್ ತೆಗೆದಿಟ್ಟೆ. ಹೋಗಿ ಮಾಡೋದೇನು, ಅಪ್ಪನಿಗೆ ಗ್ಯಾಸ್ ತುಂಬ್ತಾಳಾ?”

ನೀನು ನನಗೆ ಲ್ಯಾಬಿನಲ್ಲಿ ರಜೆ ಸಿಗಲಿಲ್ಲ ಎಂದು ಹೇಳಿದ್ದೆ. ಊರಿನ ಆಸ್ಪತ್ರೆಯಲ್ಲಿ ಅಪ್ಪ ಕೊನೆಯ ಎರಡು ದಿನ ಬಾಗಿಲ ಕಡೆ ನೋಡುತ್ತಿದ್ದಾಗ ನಾನೂ ಅವನಿಗೆ ಅದನ್ನೇ ಹೇಳಿದ್ದೆ. ಪದ್ಮಂಗೆ ರಜೆ ಇಲ್ಲಪ್ಪ ಎಂದಿದ್ದೆ. ‘ದೊಡ್ಡ ಕೆಲಸ ಅವಳದು’ ಎಂದು ಅವನು ಹೆಮ್ಮೆಪಟ್ಟುಕೊಂಡ.

ಷರೀಫ್ ಭಾಯಿ ತಟ್ಟೆ ನೋಡುತ್ತಾ ಕೂತರು. ಆಗ ನೀನು ಹೇಳಿದೆ, ಅದೇ ಮೆತ್ತಗಿನ ದನಿಯಲ್ಲಿ: “ಏನೂ ಅಂದ್ಕೋಬೇಡಿ, ಕುಡಿದಿದಾರೆ.”

ನಾನು ಎದ್ದು ಅಡುಗೆಮನೆಗೆ ಹೋಗಿ ಖಾಲಿ ಬಾಟಲಿ ತಂದೆ. ಭಾವನ ಮುಂದೆ ಇಡಬೇಕೆಂದೇ ಮೂರು ತಿಂಗಳಿಂದ ಮನಸ್ಸಿನಲ್ಲಿದ್ದದ್ದು. ಆದರೆ ತಂದು ನಿನ್ನ ಮುಂದೆ ಇಟ್ಟೆ. “ಓದಕ್ಕಾ” ಎಂದೆ. ನೀನು ಕನ್ನಡಕ ಹಾಕಿಕೊಂಡು ಲೇಬಲ್ ಓದಿದೆ. ಆಲ್ಕೋಹಾಲ್ ಸೊನ್ನೆ. ಇನ್ನೊಮ್ಮೆ ಓದಿದೆ. “ಭಾವ ಒಂದು ಹನಿಯನ್ನೂ ಕುಡಿದಿಲ್ಲ. ಈಗ ಹೇಳು, ಯಾರು ಮಾತಾಡಿದ್ದು?” ಎಂದು ಕೇಳಿದೆ.

ಭಾವ ಮೊದಲು ನಕ್ಕರು. ಬಾಟಲಿ ಕಸಿದುಕೊಂಡು ನೋಡಿದರು. ತೊದಲು ಒಂದೇ ಕ್ಷಣಕ್ಕೆ ಹೋಯಿತು. ಆಫೀಸಿನ ಮೀಟಿಂಗಿನಲ್ಲಿ ಮಾತಾಡುವಂತೆ ಸ್ಪಷ್ಟವಾಗಿ, “ಪದ್ಮ, ಕೋಟ್ ಹಾಕ್ಕೋ. ಅಕ್ಷರಾ, ಕಾರಿಗೆ ನಡಿ” ಎಂದರು. ಇನ್ನೂ ಆರು ಗಂಟೆಯಾಗಿರಲಿಲ್ಲ, ಹೋಳಿಗೆ ಬಡಿಸಿರಲಿಲ್ಲ. ಅವರು ಕುಡಿದಿದ್ದರೆ ನಾನೇ ಕಾರಿನ ಕೀ ಕಿತ್ತಿಟ್ಟುಕೊಳ್ಳುತ್ತಿದ್ದೆ. ನೆಟ್ಟಗೆ ರಿವರ್ಸ್ ತೆಗೆದು, ಇಂಡಿಕೇಟರ್ ಹಾಕಿ, ನಮ್ಮ ಬಡಾವಣೆ ದಾಟಿ ಹೋದರು.

ಸೋಮವಾರ ಭಾವ ಸ್ವರೂಪ್‌ಗೆ ಫೋನ್ ಮಾಡಿದ್ದರು, ನಿನಗೆ ಹೇಳಿರಲಿಕ್ಕಿಲ್ಲ. ತಮಗೆ ಮೊದಲ ಗುಟುಕಿಗೇ ಗೊತ್ತಾಗಿತ್ತಂತೆ, ನನ್ನನ್ನು ಆಟ ಆಡಿಸಲು ಕುಡಿದವರಂತೆ ನಟಿಸಿದರಂತೆ, ಷರೀಫ್ ಭಾಯಿಗೆ ಹಾಗೆಂದು ತಿಳಿಸಬೇಕಂತೆ. ತಿಳಿಸಿದ್ದೇವೆ. ಗೊತ್ತಿದ್ದರೆ ಗೊತ್ತಿದ್ದೇ ಆಡಿದ ಮಾತು ಅದು. ಗೊತ್ತಿಲ್ಲದಿದ್ದರೂ ನೆಟ್ಟಗಿದ್ದ ತಲೆಯಿಂದ ಬಂದ ಮಾತು. ಎರಡರಲ್ಲಿ ಯಾವುದು ಬೇಕೋ ಭಾವನೇ ಆರಿಸಿಕೊಳ್ಳಲಿ.

ಈಗ ಕ್ಷಮೆಯ ಮಾತು. ಬಾಟಲಿಯನ್ನು ನಿನ್ನ ಮುಂದೆ ಏಕಿಟ್ಟೆ ಎಂದು ಒಂಬತ್ತು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಸೇಡು ಭಾವನ ಮೇಲೆ ಮಾತ್ರ ಎಂದುಕೊಂಡಿದ್ದೆ. ಅಲ್ಲ. ಆವತ್ತು ನನ್ನ ಮೊಣಕೈ ಹಿಡಿದ ಕೈ ನಿನ್ನದು. ನಿನ್ನ ಮೇಲೂ ಇತ್ತು, ಬಹುಶಃ ಹೆಚ್ಚೇ ಇತ್ತು. ಅದನ್ನು ತೀರಿಸಿಕೊಂಡೆ. ಲೇಬಲ್ ಎರಡನೆಯ ಸಲ ಓದುವಾಗ ನಿನ್ನ ಮುಖ ನೋಡಿದೆನಲ್ಲ, ಆಗ ತಿಳಿಯಿತು. ಇಪ್ಪತ್ತಮೂರು ವರ್ಷ ‘ಕುಡಿದಿದ್ದಾರೆ’ ಎಂಬ ಒಂದು ಮಾತನ್ನು ಆಸರೆ ಮಾಡಿಕೊಂಡು ನೀನು ಬಾಳಿದ್ದೀಯ. ಪಾಸ್‌ಪೋರ್ಟ್ ಬಚ್ಚಿಟ್ಟ ದಿನವೂ ಅದನ್ನೇ ಹೇಳಿಕೊಂಡಿರುತ್ತೀಯ. ನಾನು ಅದನ್ನು ಎಲ್ಲರೆದುರು ಎಳೆದುಬಿಟ್ಟೆ, ಬೇರೆ ಆಸರೆ ಕೊಡುವ ಮೊದಲೇ. ಅದೊಂದಕ್ಕೆ ನನ್ನನ್ನು ಕ್ಷಮಿಸು. ಭಾವನಿಗೆ ಮಾಡಿದ್ದಕ್ಕೆ ಅಲ್ಲ. ಅದನ್ನು ಇನ್ನೊಮ್ಮೆ ಮಾಡು ಎಂದರೆ ನಾಳೆಯೇ ಶುಂಠಿ ಕುಟ್ಟಲು ಕೂರುತ್ತೇನೆ.

ನಮ್ಮ ಮಹಡಿಯ ಕೋಣೆ ಖಾಲಿ ಇದೆ. ಇಷ್ಟು ಮಾತ್ರ ಹೇಳುತ್ತೇನೆ, ಬಾ ಎಂದು ಒತ್ತಾಯಿಸುವುದಿಲ್ಲ. ನಿನ್ನ ಪಾಸ್‌ಪೋರ್ಟ್ ಎಲ್ಲಿದೆಯೋ ಅದನ್ನು ಮೊದಲು ಹುಡುಕಿ ಲ್ಯಾಬಿನ ಲಾಕರ್‌ನಲ್ಲಿ ಇಟ್ಟುಕೋ.

ನೀನು ಬೇಡವೆಂದರೂ ನಿನ್ನವಳೇ ಆದ,
ತಂಗಿ ಸ್ಮಿತಾ

ಮರೆತದ್ದು: ಇದನ್ನು ಬರೆಯಬಾರದೆಂದು ಅಕ್ಷರಾಳಿಗೆ ಮಾತು ಕೊಟ್ಟಿದ್ದೆ. ಆದರೆ ‘ಅಕ್ಷರಾ ನಿನ್ನ ಮುಖ ಇನ್ನೆಂದೂ ನೋಡುವುದಿಲ್ಲ’ ಎಂದು ನೀನು ಬರೆದಿದ್ದು ಸುಳ್ಳಾದ್ದರಿಂದ ಮಾತು ಮುರಿಯುತ್ತಿದ್ದೇನೆ. ಅವತ್ತು ಊಟಕ್ಕೆ ಮೊದಲು ಅವಳು ಅಡುಗೆಮನೆಗೆ ಬಂದು ಆ ಹೂಜಿಯಿಂದ ಒಂದು ಗುಟುಕು ಕುಡಿದಳು. ಇಪ್ಪತ್ತೆರಡು ವರ್ಷದ ಹುಡುಗಿ, ಅವಳಿಗೆ ತಕ್ಷಣ ಗೊತ್ತಾಯಿತು. “ಚಿಕ್ಕಮ್ಮ, ದೇರ್ ಈಸ್ ನಥಿಂಗ್ ಇನ್ ದಿಸ್” ಎಂದಳು. ಹೋಗಿ ಅಪ್ಪನಿಗೆ ಹೇಳುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಹೂಜಿಯ ಅಂಚು ಒರೆಸಿದಳು. ಆಮೇಲೆ, “ಡೋಂಟ್ ಟೆಲ್ ಅಮ್ಮ. ಐ ನೀಡ್ ಟು ನೋ ಇಫ್ ಇಟ್ಸ್ ದ ಡ್ರಿಂಕ್ ಆರ್ ಇಫ್ ಇಟ್ಸ್ ಹಿಮ್” ಎಂದಳು. ತಪ್ಪು ಕುಡಿತದ್ದೋ ಅಪ್ಪನದೋ ಎಂದು ತಿಳಿಯಲು ಹೂಜಿ ಎತ್ತಿಕೊಂಡು ಹೋದಳು. ಭಾವನ ಮೂರು ಗ್ಲಾಸನ್ನೂ ತುಂಬಿದ್ದು ನಾನಲ್ಲ, ನಿನ್ನ ಮಗಳು. ಅವಳನ್ನು ಬೈಯಬೇಡ.