ಗಿರಣಿಯ ಗಂಟಲಲ್ಲಿ ಉಳಿದ ಹಿಟ್ಟು

ಎಲ್ ಗ್ವಾಯಾಬಿಟೋ, ಚಲಾತೆನಾಂಗೋ
೨೯ ಅಕ್ಟೋಬರ್ ೧೯೯೩

ನನ್ನ ಪ್ರೀತಿಯ ನೋಯೆಮಿ,

ನಿನ್ನ ಪತ್ರ ತಲುಪಿತು. ಫಿದೆಲಿನಾಳ ಜೋಳ ಹಾದುಹೋದ ಗಿರಣಿಯಲ್ಲಿ ನಾನು ಅರೆಸಿದರೆ ಈ ಮನೆಯಲ್ಲಿ ತುತ್ತು ಮುಟ್ಟುವುದಿಲ್ಲ, ಸತ್ತವರ ದಿನಕ್ಕೂ ಬರುವುದಿಲ್ಲ ಎಂದು ಬರೆದಿದ್ದೀ. ನಿನ್ನ ಅಣ್ಣ ವಿದಾಲ್ ಅಡಗಿದ್ದ ಜಾಗವನ್ನು ಸೈನಿಕರಿಗೆ ತೋರಿಸಿದ್ದು ಅವಳ ಮಗ ಎಂಬುದನ್ನು ನನಗೆ ನೆನಪಿಸಬೇಕಾಗಿರಲಿಲ್ಲ.

ಗಿರಣಿ ಕೊಟ್ಟ ವಿದೇಶದವರ ಷರತ್ತು ಒಂದೇ: ಹೊಂಡುರಾಸಿನ ನಿರಾಶ್ರಿತರ ಶಿಬಿರದಿಂದ ಮರಳಿಬಂದ, ಮೇಲಿನ ಕೇರಿಯ ನಾವೂ, ಸೈನ್ಯದ ಕಡೆಗಿದ್ದ ಕೆಳಗಿನ ಕೇರಿಯವರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಸಾಲಿಗೆ ಯಾರ ತಕರಾರೂ ಇರಲಿಲ್ಲ. ಆದರೆ ಒಬ್ಬಳ ಬೆಂದ ಜೋಳ ಅರೆದು ಮುಗಿದ ಮೇಲೂ ಗಿರಣಿಯ ಗಂಟಲಲ್ಲಿ ಒಂದು ಹಿಡಿ ಹಸಿ ಹಿಟ್ಟು ಉಳಿಯುತ್ತದೆ; ಅದು ನಂತರ ಬಂದವಳ ಬೋಗುಣಿಗೆ ಬೀಳುತ್ತದೆ. ಹಾಗಾಗಿ ಕೆಳಗಿನ ಕೇರಿಯವಳು ಅರೆಸಿದಾಗಲೆಲ್ಲ ನಮ್ಮವರು ಅದನ್ನು ತೊಳೆದು ಕಳೆಯಲು ನೀರು ಸುರಿದು ಗಿರಣಿಯನ್ನು ಬರಿದೇ ಓಡಿಸುತ್ತಿದ್ದರು. ತಿಂಗಳ ಡೀಸೆಲ್ ಅರ್ಧ ತಿಂಗಳಿಗೇ ಮುಗಿಯಿತು. ಉಸ್ತುವಾರಿಗೆ ಆ ವಿದೇಶದವರು ಕಳಿಸಿದ ದೋನ್ ಲಾರ್ಸ್ ಕಳ್ಳತನ ಎಂದುಕೊಂಡು ಪೀಪಾಯಿಗೆ ಬೀಗ ಹಾಕಿಸಿದ. ಆಮೇಲೆ ಸರದಿಯ ಜಗಳವಿರಬೇಕೆಂದು ಸರದಿಯ ಸಂಖ್ಯೆ ಕೊರೆದ ತಗಡಿನ ಬಿಲ್ಲೆ ಹಂಚಿದ. ನಿಜ ಸಂಗತಿಯನ್ನು ಅವನಿಗೆ ಯಾರೂ ಹೇಳಲಿಲ್ಲ; ಹೇಳುವಂಥದ್ದೂ ಅಲ್ಲ. ಕಳೆದ ವಾರ ಬಂದು, ಮತ್ತೆ ಡೀಸೆಲ್ ಮುಗಿದರೆ ಗಿರಣಿಯನ್ನು ಬೇರೆ ಊರಿಗೆ ಒಯ್ಯುತ್ತೇನೆ ಎಂದ.

ನನ್ನ ಮಣಿಕಟ್ಟಿನ ಸ್ಥಿತಿ ನಿನಗೆ ಗೊತ್ತು. ಕಲ್ಲಿನ ಮುಂದೆ ಮಂಡಿಯೂರಿ ಅರೆಯುವುದು ಇನ್ನು ನನ್ನಿಂದ ಆಗದು.

ಸೋಮವಾರ ಸಾಲಿನಲ್ಲಿ ಫಿದೆಲಿನಾ ನನ್ನ ಮುಂದಿದ್ದಳು. ಅವಳದು ಮುಗಿದಾಗ ನಮ್ಮ ಕೇರಿಯ ತೋನ್ಯಾ ಎಂದಿನಂತೆ ನೀರಿನ ಬಕೆಟ್ ಎತ್ತಿದಳು. ನಾನು ಬೇಡವೆಂದೆ.

“ಏನೇ ಎಮೆತೇರಿಯಾ, ಮಗನ್ನ ತಿಂದೋರ ಎಂಜಲು ಅಷ್ಟು ರುಚೀನಾ?” ಎಂದಳು.

“ಹಂಗಾದ್ರೆ ನಾಳೆಯಿಂದ ನಮ್ಮನೆ ಜೋಳಾನೂ ನೀನೇ ಅರೆದುಕೊಡವ್ವಾ. ನಿನ್ನ ತೋಳೂ ನಾಲಿಗೆಯಷ್ಟೇ ಗಟ್ಟಿಯಾಗವೆ,” ಎಂದೆ. ಸಾಲಿನಲ್ಲಿ ಯಾರೋ ನಕ್ಕರು.

ಫಿದೆಲಿನಾ ನಗಲಿಲ್ಲ. ತನ್ನದು ನನಗೆ ಬೀಳಬಾರದೆಂದು, ಗಿರಣಿ ಇನ್ನೂ ತಿರುಗುತ್ತಿರುವಾಗಲೇ ಬೆರಳು ಹಾಕಿ ಹಿಟ್ಟು ಬಾಚುತ್ತಿದ್ದಳು.

“ತೆಗಿಯೇ ಕೈನ! ಬೆರಳು ಹೋಗ್ತವೆ. ಬಿಡು, ಬರ್ಲಿ,” ಎಂದೆ.

ಯುದ್ಧದ ನಂತರ ನಾನು ಅವಳೊಡನೆ ಆಡಿದ ಮೊದಲ ಮಾತು ಅದು. ಅವಳು ಕೈ ತೆಗೆದಳು. ನಾನು ನನ್ನ ಜೋಳ ಸುರಿದೆ.

ಅವಳನ್ನು ಕ್ಷಮಿಸಿದ್ದೇನೆ ಎಂದು ಯಾರಿಗೂ ಹೇಳಿಲ್ಲ. ಈಗ ತೋನ್ಯಾಳೊಬ್ಬಳನ್ನು ಬಿಟ್ಟರೆ ಯಾರೂ ಬಕೆಟ್ ಎತ್ತುವುದಿಲ್ಲ. ತನ್ನ ಬಿಲ್ಲೆಗಳಿಂದಲೇ ಎಲ್ಲ ಸರಿಹೋಯಿತೆಂದು ದೋನ್ ಲಾರ್ಸ್ ಸಂತೋಷದಲ್ಲಿದ್ದಾನೆ. ಗಿರಣಿ ಉಳಿಯುತ್ತದೆ.

ವಿದಾಲ್‌ನ ಶಿಲುಬೆಗೆ ನೀಲಿ ಬಣ್ಣ ಹೊಡೆದಿದ್ದೇನೆ. ಕಾಗದದ ಹೂಮಾಲೆ ನೀನೇ ಕಟ್ಟಬೇಕು. ನನ್ನ ಕೈಗೆ ಆಗುವುದಿಲ್ಲ. ಬರುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ಅಮ್ಮ,
ಎಮೆತೇರಿಯಾ

ತಾ.ಕ.: ಈ ಪತ್ರವನ್ನು ಬುಟ್ಟಿಯ ತಳದಲ್ಲಿ, ತಮಾಲೆ ಕಡುಬುಗಳ ಕೆಳಗಿಟ್ಟು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ತಿಂದು ಮುಗಿಸದೆ ತಳ ನೋಡುವವಳಲ್ಲ ನೀನು. ಕಡುಬು ಇವತ್ತು ಬೆಳಗ್ಗೆ ಅರೆಸಿದ ಹಿಟ್ಟಿನದು. ಸಾಲಿನಲ್ಲಿ ನನ್ನ ಮುಂದಿದ್ದವಳು ಫಿದೆಲಿನಾ. ರುಚಿ ಹೇಗಿತ್ತು, ಬಂದು ಹೇಳು.