ಮೂವತ್ತೊಂದನೆಯ ಚಾಪೆ

ಸಿಂಗಾಪುರ, ರೋಚೋರ್ ಕಾಲುವೆಯ ಬದಿ
12 ಆಗಸ್ಟ್ 1934

ಬವೇಯನ್ ದ್ವೀಪದ ದೌನ್ ಹಳ್ಳಿಯ ಮಸೀದಿ ಜಗಲಿಯಲ್ಲಿ ನೆರೆದಿರುವ ಮಹಾಜನರೇ, ಬಿಸಿಲಿಗೆ ಹರವಿದ ಮೀನನ್ನು ಬೆಕ್ಕಿನ ವಶಕ್ಕೊಪ್ಪಿಸಿ ಬಂದ ಮಾತೆಯರೇ, ಕನ್ನಡಕ ಒರೆಸಿಕೊಂಡು ಓದಲು ಅಣಿಯಾಗಿರುವ ಮೇಷ್ಟ್ರೇ, ಇವರೆಲ್ಲರ ನಡುವೆ ಕೂತಿರುವ ಈ ಕಾಗದದ ನಿಜವಾದ ಒಡತಿ ಸುಹಾನಾ ಅಕ್ಕ,

ಬಹ್ರುನನ ಸಲಾಮು. ನಾಲ್ಕು ತಿಂಗಳಿಂದ ಬರೆದಿಲ್ಲ, ಕ್ಷಮಿಸಿ. ಅಕ್ಕ, ನಿನ್ನ ಮೂರೂ ಕಾಗದ ತಲುಪಿದವು. ಮೂರರಲ್ಲೂ ಒಂದೇ ಪ್ರಶ್ನೆ: ನಿನ್ನ ಮಗ ಮಸ್ದಾರ್ ಬಂದು ನನ್ನನ್ನು ಸೇರಿದನೇ, ಹೊಟ್ಟೆ ತುಂಬ ಉಣ್ಣುತ್ತಿದ್ದಾನೆಯೇ? ಅದಕ್ಕೆ ಬರುತ್ತೇನೆ. ಮೊದಲು ಮನೆಯ ಸುದ್ದಿ.

ನಮ್ಮೂರವರೆಲ್ಲ ಕೂಡಿ ಇರುವ ಈ ಪೊಂದೊಕ್‌ಗೆ ನಾನು ಒಂಬತ್ತು ವರ್ಷದಿಂದ ಯಜಮಾನ. ಒಂದು ಹಜಾರ, ಒಂದು ಕೊಳಾಯಿ, ಮಳೆ ಬಂದರೆ ಒಳಗೇ ಇನ್ನೂ ನಾಲ್ಕು ಕೊಳಾಯಿ. ಆದರೂ ಹಡಗಿಳಿದು ಬಂದವನು ಹೊಸ್ತಿಲೊಳಗೆ ತನ್ನ ಚಾಪೆ ಇಟ್ಟನೆಂದರೆ ಅವನು ಮನೆಯವನು. ಜಾಗವಿಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ.

ವರ್ಷಾರಂಭದಲ್ಲಿ ಆರೋಗ್ಯದ ಸಾಹೇಬನೊಬ್ಬ ಟೇಪು ಹಿಡಿದು ಬಂದ. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಗೋಡೆ ಅಳೆದ, ಸೂರು ಅಳೆದ. ಒಬ್ಬ ಮಲಯನಿಗೆ ಎಷ್ಟು ಗಾಳಿ ಸಾಕೆಂದು ಗುಣಿಸಿ ಭಾಗಿಸಿ, 'ಮೂವತ್ತು ಜನ' ಎಂದು ಬಾಗಿಲ ಮೇಲೆ ತಗಡು ಹೊಡೆಸಿದ. ಒಬ್ಬ ಹೆಚ್ಚಾದರೂ ಎಲ್ಲರೂ ಬೀದಿಗೆ. ನಾವು ಆಗ ಸರಿಯಾಗಿ ಮೂವತ್ತೇ ಮಂದಿ.

ಗಾಳಿ ಕಡಿಮೆಯಾದರೆ ದೊಡ್ಡದೊಂದು ಮನೆ ಕೊಡಿಸಿ ಎಂದೆ. ಜೊತೆಗಿದ್ದ ದುಭಾಷಿ ಅದನ್ನು ಸಾಹೇಬನಿಗೆ ಹೇಳುವ ಗೋಜಿಗೇ ಹೋಗಲಿಲ್ಲ. "ಮನೆ ಕೊಡೋದು ಇವರ ಕೆಲಸ ಅಲ್ಲಪ್ಪ. ಅಳೆಯೋದಷ್ಟೆ."

ಅಡಿಗೆಯ ಸಾಮಿನಾ ಅಜ್ಜಿ ಒಲೆಯ ಮುಂದಿನಿಂದಲೇ, "ಹಾಗಾದ್ರೆ ನನ್ನ ಸೊಂಟಾನೂ ಅಳೆದು ಹೋಗು ಅನ್ನು. ಅಂಗಿ ಹೊಲಿಸ್ಕೋತೀನಿ," ಎಂದಳು.

ನಾನು ಚಾಕರಿ ಮಾಡುವ ಲಾಯದಲ್ಲಿ ದೊರೆಯ ಕುದುರೆ ಒಂದೊಂದಕ್ಕೂ ಬೇರೆ ಕೋಣೆ, ಎರಡೆರಡು ಕಿಟಕಿ. ಅದು ಕೆಮ್ಮಿದರೆ ಡಾಕ್ಟರು ಓಡಿ ಬರುತ್ತಾನೆ. ನಾನು ಕೆಮ್ಮಿದರೆ ಕುದುರೆಗೆ ಅಂಟೀತೆಂದು ಹೊರಗೆ ನಿಲ್ಲಿಸುತ್ತಾರೆ. ಆ ಸಿಟ್ಟಿನಲ್ಲೇ ಹುಟ್ಟಿದ್ದು ಇದು, ಮೇಷ್ಟ್ರು ರಾಗವಾಗಿ ಓದಲಿ:

ಕುದುರೆಗೆ ಗಾಳಿ, ಕುದುರೆಗೆ ಬೆಳಕು,
ಕಾಯುವ ಆಳಿಗೆ ಗೋಡೆಯ ಬಿರುಕು.

ಕಳೆದ ತಿಂಗಳು ಸಾಹೇಬ ಮತ್ತೆ ಬಂದ. ಬೆಳಗಿನ ಹೊತ್ತು, ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಎಣಿಸಲು ಮನುಷ್ಯರಿಲ್ಲದೆ ಗೋಡೆಗೆ ಸುತ್ತಿಟ್ಟ ಚಾಪೆಗಳನ್ನು ಎಣಿಸಿದ. ಸರಿಯಾಗಿ ಮೂವತ್ತು. ಹೊರಟವನು ಹೊಸ್ತಿಲಾಚೆ, ಸೂರಿನಡಿ ಒರಗಿದ್ದ ಹೊಸ ಚಾಪೆಯೊಂದನ್ನು ಕಂಡ. ಬೆತ್ತದಿಂದ ಅದನ್ನು ತಟ್ಟಿ, "ಮೂವತ್ತೊಂದು," ಎಂದ. ಅದರ ಮೇಲೆ ಯಾರೂ ಮಲಗಿಲ್ಲ, ಕಟ್ಟಿದ ಹುರಿಯನ್ನೂ ಬಿಚ್ಚಿಲ್ಲ ಎಂದು ಸಾಮಿನಾ ಅಜ್ಜಿ ಆಣೆ ಇಟ್ಟು ಹೇಳಿದಳಂತೆ. ಯಾರ ಚಾಪೆಯೆಂದು ಕೂಡ ಅವನು ಕೇಳಲಿಲ್ಲ. ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ಕಾಗದ ಬಂದಿದೆ. ಈ ಊರಿನ ಹಡಗು ತೊಳೆದವರು, ಕುದುರೆ ಉಜ್ಜಿದವರು, ದೊರೆಸಾನಿಯರ ಕಾರು ಓಡಿಸಿದವರು ಮೂವತ್ತು ಮಂದಿ ನಾಳೆ ಎಲ್ಲಿ ತಲೆಯಿಡಬೇಕೆಂದು ಯಾವ ಟೇಪು ಹೇಳುತ್ತದೆ?

ಊರಿನ ಎಲ್ಲರಿಗೂ ದೇವರು ಆಯುಸ್ಸು ಕೊಡಲಿ. ಮಕ್ಕಳ ತಲೆ ಸವರಿದೆನೆಂದು ತಿಳಿಸಿ.

ಇಂತಿ,
ಪೊಂದೊಕ್‌ನ ಯಜಮಾನ ಬಹ್ರುನ್

ಮರೆತ ಮಾತು: ಮೇಷ್ಟ್ರೇ, ಇಲ್ಲಿಗೆ ನಿಲ್ಲಿಸಿ. ಉಳಿದದ್ದನ್ನು ಅಕ್ಕನ ಅಡಿಗೆಮನೆಯಲ್ಲಿ ಅವಳೊಬ್ಬಳಿಗೇ ಓದಿ ಹೇಳಿ.

ಅಕ್ಕ, ಮರೆತಿರಲಿಲ್ಲ. ಮಸ್ದಾರ್ ಏಪ್ರಿಲ್‌ನಲ್ಲೇ ಬಂದ. ಹೆಗಲ ಮೇಲೆ ನೀನು ನೇಯ್ದ ಚಾಪೆ. ನಾನು ಬಾಗಿಲಿಗೆ ಅಡ್ಡ ಕೈಯಿಟ್ಟು ತಗಡು ತೋರಿಸಿದೆ. "ಮೂವತ್ತೇ ಜನ ಕಣೋ. ಬೇರೆ ಕಡೆ ನೋಡ್ಕೋ."

ನಾನು ಎಂದಿನಂತೆ ಆಟ ಆಡುತ್ತಿದ್ದೇನೆಂದು ಅವನು ನಕ್ಕ. "ಸಾಕು ಮಾವ, ಕಾಲು ನೋಯ್ತಿದೆ."

ನಾನು ಕೈ ತೆಗೆಯಲಿಲ್ಲ. ಅವನು ಚಾಪೆಯನ್ನು ಹೊರಗಿನ ಗೋಡೆಗೆ ಒರಗಿಸಿದ. "ಅಮ್ಮ ನಿಮಗೇಂತ ನೇಯ್ದದ್ದು. ನೀವು ಮಲಗಿ," ಎಂದು ಹೋದ.

ಬಂದರಿನಲ್ಲಿ ಹುಡುಕಿದೆ, ಬೇರೆ ಊರವರ ಪೊಂದೊಕ್‌ಗಳಲ್ಲಿ ಹುಡುಕಿದೆ, ತೋಟಗಳಿಗೆ ಆಳು ಕಳಿಸುವವರನ್ನು ಕೇಳಿದೆ. ಚಾಪೆಯನ್ನು ಒಳಗಿಡಲು ಸಾಮಿನಾ ಅಜ್ಜಿ ಬಂದಾಗಲೆಲ್ಲ ಬೇಡವೆಂದೆ. ಅವನೇ ತಿರುಗಿ ಬಂದು, ತನ್ನ ಕೈಯಾರೆ ಹೊಸ್ತಿಲೊಳಗೆ ಇಡಲಿ ಎಂದು ಕಾದೆ. ಸಾಹೇಬ ಎಣಿಸಿದ್ದು ಅದನ್ನೇ.

ಇಷ್ಟುದ್ದ ಸಾಹೇಬನನ್ನು ಬೈದೆ. ಬಾಗಿಲಿಗೆ ಅಡ್ಡ ಇದ್ದದ್ದು ನನ್ನ ಕೈ. ನಿನ್ನ ಮಗ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ, ಅಕ್ಕ.